ಅವಳಿಯೋ ಅವ್ಯವಸ್ಥೆಯೋ? : ಆಸ್ಪಿರಿನ್ ಸ್ಫಟಿಕದ ವಾದವನ್ನು ಕುರಿತು ಒಂದು ವಿಮರ್ಶೆ

ಹೈದರಾಬಾದಿನ ಈಶಾನ್ಯ ಭಾಗದಲ್ಲಿರುವ ನಾಚಾರಂ ಹೆಸರಿಗೆ ಮಾತ್ರ ಹಳೆಯ ಊರು. ವಾಸ್ತವವಾಗಿ ಅದು ಬಹುಕಾಲದಿಂದ ಒಂದು ಕೈಗಾರಿಕಾ ವಸಾಹತು. ಔಷಧದ್ರವ್ಯಗಳನ್ನು ತಯಾರಿಸುವ ಮತ್ತು ಪರೀಕ್ಷಿಸುವ ಸಂಸ್ಥೆಗಳು ಅಲ್ಲಿ ನೆಲೆಗೊಂಡಿವೆ. ಅಲ್ಲಿಂದ ಹಬ್ಸಿಗುಡವನ್ನು ದಾಟಿದರೆ ತಾರ್ನಾಕದಲ್ಲಿ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿದೆ. ನಿಜಾಮರ ಆಳಿಕೆಯಲ್ಲಿ ೧೯೪೪ರಲ್ಲಿ ಪ್ರಾರಂಭವಾದ ಪ್ರಯೋಗಾಲಯವೇ ೧೯೫೬ರಲ್ಲಿ ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿಯ ಆಶ್ರಯಕ್ಕೆ ಬಂದು, ೧೯೮೯ರಲ್ಲಿ ಈ ಹೆಸರನ್ನು ಪಡೆಯಿತು. ನಗರದ ಮತ್ತೊಂದು ಕಡೆಯಲ್ಲಿ, ಗಚ್ಚಿಬೌಲಿಯ ಬಂಡೆಗಳ ನಡುವೆ, ೧೯೭೪ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾನಿಲಯವಿದೆ. ಈ ಮೂರು ಸ್ಥಳಗಳಲ್ಲಿ ನಡೆಯುವ ಕೆಲಸ ಬೇರೆ ಬೇರೆಯಾದರೂ ಒಂದು ಪ್ರಶ್ನೆ ಮೂರಕ್ಕೂ ಸಾಮಾನ್ಯವಾದದ್ದು: ಕೈಯಲ್ಲಿರುವ ಸ್ಫಟಿಕದೊಳಗೆ ಅಣುಗಳು ಹೇಗೆ ಕುಳಿತಿವೆ?

ಈ ಪ್ರಶ್ನೆಗೆ ಉತ್ತರ ಕೊಡುವ ಸಾಧನ ಕ್ಷ-ಕಿರಣ. ೧೯೧೨ರಲ್ಲಿ ಲಾವೆ ತೋರಿಸಿಕೊಟ್ಟ ಮಾರ್ಗವನ್ನು ಬ್ರ್ಯಾಗ್ ತಂದೆಮಕ್ಕಳು ಹೆದ್ದಾರಿಯನ್ನಾಗಿ ಮಾಡಿದರು. ಸ್ಫಟಿಕದ ಮೇಲೆ ಬಿದ್ದ ಕ್ಷ-ಕಿರಣ ನಿಯತವಾದ ದಿಕ್ಕುಗಳಲ್ಲಿ ಚೆದರಿ ಚುಕ್ಕೆಗಳ ಒಂದು ವಿನ್ಯಾಸವನ್ನು ಮೂಡಿಸುತ್ತದೆ. ಚುಕ್ಕೆಗಳ ಸ್ಥಾನದಿಂದ ಜಾಲಕದ ಅಳತೆಯೂ ಅವುಗಳ ತೀವ್ರತೆಯಿಂದ ಪರಮಾಣುಗಳ ನೆಲೆಯೂ ತಿಳಿದುಬರುತ್ತವೆ. ಇಷ್ಟು ವಿಷಯ ಪಠ್ಯಪುಸ್ತಕಗಳಲ್ಲಿರುವುದೇ. ಆದರೆ ಸ್ಫಟಿಕವು ಪಠ್ಯಪುಸ್ತಕದ ಚಿತ್ರದಂತೆ ಏಕರೂಪವಾಗಿಲ್ಲದಿದ್ದಾಗ, ಅಂದರೆ ಅದರೊಳಗೆ ಎರಡು ಬಗೆಯ ಜೋಡಣೆಗಳ ಸೂಚನೆ ಕಂಡಾಗ, ತಜ್ಞರಲ್ಲಿಯೂ ಎಡವಿದವರುಂಟು. ಆ ಎರಡು ಜೋಡಣೆಗಳು ಬೇರೆ ಬೇರೆ ಭಾಗಗಳಲ್ಲಿವೆಯೋ, ಇಲ್ಲವೇ ಒಂದೇ ಭಾಗದಲ್ಲಿ ಕಲಸಿಕೊಂಡಿವೆಯೋ? ಮೊದಲನೆಯದು ಅವಳಿತನ, ಎರಡನೆಯದು ಅವ್ಯವಸ್ಥೆ. ಇವೆರಡನ್ನೂ ಬೇರ್ಪಡಿಸಿ ಗುರುತಿಸುವ ವಿಚಾರದಲ್ಲಿ ಹೈದರಾಬಾದಿಗೂ ಬೆಂಗಳೂರಿಗೂ ಸಂಬಂಧಪಟ್ಟ ಒಂದು ದೊಡ್ಡ ವಾದ ನಡೆದಿದೆ. ಅದರ ವಸ್ತು ಬೇರೆ ಯಾವ ಅಪೂರ್ವ ದ್ರವ್ಯವೂ ಅಲ್ಲ. ಮನೆಮನೆಯ ತಲೆನೋವಿನ ಮಾತ್ರೆಯಾದ ಆಸ್ಪಿರಿನ್.

ವಾದವನ್ನು ಪರಿಶೀಲಿಸುವ ಮೊದಲು ಪದಗಳ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ. ಕಲಬುರಗಿಯ ಕಡೆಯ ಒಂದು ಹೊಲವನ್ನು ಕಲ್ಪಿಸಿಕೊಳ್ಳಬಹುದು. ಹೊಲದ ಅರ್ಧದಲ್ಲಿ ಜೋಳದ ಸಾಲುಗಳು ಪೂರ್ವಪಶ್ಚಿಮವಾಗಿಯೂ ಉಳಿದರ್ಧದಲ್ಲಿ ಅದೇ ಜೋಳದ ಸಾಲುಗಳು ಉತ್ತರದಕ್ಷಿಣವಾಗಿಯೂ ಇದ್ದರೆ ಅದು ಅವಳಿ. ಬೆಳೆ ಒಂದೇ, ಬಿತ್ತನೆಯ ನಿಯಮ ಒಂದೇ. ದಿಕ್ಕು ಮಾತ್ರ ಬೇರೆ, ಆ ದಿಕ್ಕುಗಳ ಸಂಬಂಧವೂ ನಿಯತವಾದದ್ದು. ಇನ್ನೊಂದು ಹೊಲದಲ್ಲಿ ಸಾಲುಗಳೆಲ್ಲ ಒಂದೇ ದಿಕ್ಕಿನಲ್ಲಿವೆ. ಆದರೆ ಬೀಜ ಬೆರಕೆಯಾಗಿ, ಪ್ರತಿಯೊಂದು ಕುಣಿಯಲ್ಲಿಯೂ ಜೋಳವೋ ತೊಗರಿಯೋ ಎಂಬುದು ಕೇವಲ ಆಕಸ್ಮಿಕ. ಇದು ಅವ್ಯವಸ್ಥೆ. ಮೂರನೆಯ ಹೊಲವೂ ಒಂದುಂಟು: ಹತ್ತು ಸಾಲು ಜೋಳ, ನಡುವೆ ಎರಡು ಸಾಲು ತೊಗರಿ, ಮತ್ತೆ ಜೋಳ. ರೈತರು ಇದನ್ನು ಅಕ್ಕಡಿ ಎನ್ನುತ್ತಾರೆ. ಈ ಮೂರನೆಯ ಹೊಲವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು. ವಾದದ ಗಂಟು ಬಿಚ್ಚುವುದು ಅಲ್ಲಿಯೇ.

ಕ್ಷ-ಕಿರಣಕ್ಕೆ ಈ ಹೊಲಗಳ ಭೇದ ಹೇಗೆ ತಿಳಿಯುತ್ತದೆ? ಕಿರಣವು ಅಲೆಯಾದ್ದರಿಂದ, ಒಂದೇ ಸುಸಂಬದ್ಧ ಭಾಗದೊಳಗಿನ ಅಣುಗಳಿಂದ ಹೊರಟ ಅಲೆಗಳು ಮೊದಲು ಪರಸ್ಪರ ಕೂಡುತ್ತವೆ, ಅನಂತರ ಆ ಮೊತ್ತದ ವರ್ಗವು ತೀವ್ರತೆಯಾಗುತ್ತದೆ. ಬೇರೆ ಬೇರೆ ಭಾಗಗಳಾದರೆ ಪ್ರತಿಯೊಂದರ ತೀವ್ರತೆಯೂ ಪ್ರತ್ಯೇಕವಾಗಿ ಸಿದ್ಧವಾಗಿ, ಅನಂತರ ತೀವ್ರತೆಗಳು ಕೂಡುತ್ತವೆ. ಮೊದಲು ಕೂಡಿ ಆಮೇಲೆ ವರ್ಗ ಮಾಡುವುದಕ್ಕೂ ಮೊದಲು ವರ್ಗ ಮಾಡಿ ಆಮೇಲೆ ಕೂಡುವುದಕ್ಕೂ ಇರುವ ಅಂತರವೇ ಈ ಶಾಸ್ತ್ರದ ಸರ್ವಸ್ವ. ಒಂದು ಚುಕ್ಕೆಗೆ ಮೊದಲನೆಯ ಜೋಡಣೆಯಿಂದ ಬರುವ ಅಲೆಯ ಎತ್ತರ ೧೦, ಎರಡನೆಯದರಿಂದ ಬರುವುದು ೨ ಎಂದು ಇಟ್ಟುಕೊಂಡು, ಎರಡೂ ಜೋಡಣೆಗಳು ಸಮಪಾಲಿನಲ್ಲಿವೆಯೆಂದು ಭಾವಿಸೋಣ. ಅವಳಿಯಾದಲ್ಲಿ ತೀವ್ರತೆ ೧೦೦ ಮತ್ತು ೪ರ ಸರಾಸರಿ, ಅಂದರೆ ೫೨. ಅವ್ಯವಸ್ಥೆಯಾದಲ್ಲಿ ಅಲೆಗಳೇ ಸರಾಸರಿಗೊಂಡು, ಅವು ಒಂದೇ ಹೆಜ್ಜೆಯಲ್ಲಿದ್ದರೆ ೬ರ ವರ್ಗವಾದ ೩೬, ವಿರುದ್ಧ ಹೆಜ್ಜೆಯಲ್ಲಿದ್ದರೆ ೪ರ ವರ್ಗವಾದ ೧೬. ಒಂದೇ ಸ್ಫಟಿಕ, ಒಂದೇ ಪಾಲು. ಆದರೂ ಚುಕ್ಕೆಯ ಕಾಂತಿ ೫೨, ೩೬, ೧೬ ಎಂದು ಬೇರೆಬೇರೆ.

ಇಲ್ಲಿ ಜಾಣ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಅವ್ಯವಸ್ಥೆಯ ಸ್ಫಟಿಕದಲ್ಲಿಯೂ ಅಷ್ಟೇ ಅಣುಗಳಿರುವಾಗ, ೫೨ ಇದ್ದದ್ದು ೩೬ ಆದರೆ ಉಳಿದ ೧೬ ಎಲ್ಲಿ ಹೋಯಿತು? ಅದು ನಷ್ಟವಾಗುವುದಿಲ್ಲ, ಚುಕ್ಕೆಗಳ ನಡುವಿನ ಬಯಲಿನಲ್ಲಿ ಮಸುಕಾದ ಬೆಳಕಾಗಿ ಹರಡಿಕೊಳ್ಳುತ್ತದೆ. ಇದಕ್ಕೆ ವಿಸರಿತ ಚೆದರಿಕೆ ಎಂದು ಹೆಸರು. ಬೆರಕೆ ಸಂಪೂರ್ಣ ಆಕಸ್ಮಿಕವಾಗಿದ್ದರೆ ಆ ಬೆಳಕು ಎಲ್ಲೆಡೆಯೂ ತೆಳ್ಳಗೆ ಹರಡುತ್ತದೆ. ಬೆರಕೆ ಒಂದು ದಿಕ್ಕಿನಲ್ಲಿ ಮಾತ್ರ ಇದ್ದರೆ ಆ ದಿಕ್ಕಿನಲ್ಲಿ ಗೆರೆಯಾಗಿ ಎಳೆದುಕೊಳ್ಳುತ್ತದೆ. ಆದುದರಿಂದ ಅವಳಿಗೂ ಅವ್ಯವಸ್ಥೆಗೂ ಇರುವ ವ್ಯತ್ಯಾಸದ ಸಾಕ್ಷ್ಯದಲ್ಲಿ ಒಂದು ಪಾಲು ಚುಕ್ಕೆಗಳಲ್ಲಿದ್ದರೆ ಇನ್ನೊಂದು ಪಾಲು ಚುಕ್ಕೆಗಳಿಲ್ಲದ ಕಡೆಯಲ್ಲಿದೆ. ದುರದೃಷ್ಟವಶಾತ್, ಮಾಪನದ ಯಂತ್ರಗಳೂ ಗಣನೆಯ ಕ್ರಮವಿಧಿಗಳೂ ಚುಕ್ಕೆಗಳನ್ನು ಮಾತ್ರ ಎಣಿಸಿ, ನಡುವಿನ ಬಯಲನ್ನು ಹಿನ್ನೆಲೆಯೆಂದು ಕಳೆದುಬಿಡುತ್ತವೆ.

ಹೀಗೆ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ತೀವ್ರತೆಗಳ ಒಂದು ಪಟ್ಟಿ. ಅದಕ್ಕೆ ಒಂದು ಮಾದರಿಯನ್ನು ಹೊಂದಿಸಿ, ಎಣಿಸಿದ ಮತ್ತು ಅಳೆದ ಬೆಲೆಗಳ ಅಂತರವನ್ನು ‘ಆರ್’ ಎಂಬ ಒಂದು ಶೇಷಾಂಕದಿಂದ ಸೂಚಿಸುವುದು ರೂಢಿ. ಶೇಷಾಂಕ ಇಳಿದಷ್ಟೂ ಮಾದರಿ ಸರಿಯೆಂಬ ಸಂತೋಷ. ಆದರೆ ಅವಳಿಯ ಊಹೆಯೂ ಒಂದು ಹೊಸ ಅಂಕೆಯನ್ನು ಮಾದರಿಗೆ ಸೇರಿಸುತ್ತದೆ, ಅವ್ಯವಸ್ಥೆಯ ಊಹೆಯೂ ಹತ್ತಾರು ಅಂಕೆಗಳನ್ನು ಸೇರಿಸುತ್ತದೆ. ಅಂಕೆ ಹೆಚ್ಚಿದರೆ ಶೇಷಾಂಕ ಇಳಿಯಲೇಬೇಕು. ಅವಳಿಯನ್ನು ಗಮನಿಸದೆ ಅಳೆದ ತೀವ್ರತೆಗಳಿಗೆ ಅವ್ಯವಸ್ಥೆಯ ಮಾದರಿಯನ್ನು ಹೊಂದಿಸಿದರೆ, ಒಂದು ಅಣುವಿನ ಮೇಲೆ ಅದರ ಪ್ರತಿಬಿಂಬವೇ ಕುಳಿತಂತೆ ತೋರುವ, ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ, ಆದರೆ ಅಂಕೆಗಳಿಗೆ ಒಪ್ಪುವ ಒಂದು ವಿಚಿತ್ರ ಚಿತ್ರ ಹೊರಬರುತ್ತದೆ. ಶೇಷಾಂಕಕ್ಕೆ ಇವೆರಡರ ನಡುವೆ ನ್ಯಾಯ ಹೇಳುವ ಅಧಿಕಾರವಿಲ್ಲ. ಅದು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಹಾಗಾದರೆ ಅಧಿಕಾರ ಯಾವುದಕ್ಕಿದೆ? ಹಲವು ಪರೀಕ್ಷೆಗಳು ಪ್ರಸಿದ್ಧವಾಗಿವೆ. ಎ. ಜೆ. ಸಿ. ವಿಲ್ಸನ್ ೧೯೪೯ರಲ್ಲಿ ತೀವ್ರತೆಗಳ ಸಂಖ್ಯಾಶಾಸ್ತ್ರವನ್ನು ನಿರೂಪಿಸಿದರು, ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ನರ ಪರಂಪರೆಯ ಆರ್. ಶ್ರೀನಿವಾಸನ್ ಮತ್ತು ಎಸ್. ಪಾರ್ಥಸಾರಥಿ ಅದನ್ನು ಬೆಳೆಸಿ ೧೯೭೬ರಲ್ಲಿ ಗ್ರಂಥರೂಪಕ್ಕೆ ತಂದರು. ಸಾಮಾನ್ಯೀಕರಿಸಿದ ತೀವ್ರತೆಗಳು ತಮ್ಮ ಸರಾಸರಿಯಾದ ೧ರಿಂದ ಎಷ್ಟು ದೂರ ಸರಿದಿವೆಯೆಂಬುದರ ಮಧ್ಯಮಾನವು ಕೇಂದ್ರಸಮಮಿತಿಯುಳ್ಳ ಸ್ಫಟಿಕಕ್ಕೆ ೦.೯೬೮, ಅದಿಲ್ಲದ ಸ್ಫಟಿಕಕ್ಕೆ ೦.೭೩೬. ಕೇಂದ್ರಸಮಮಿತಿಯಿಲ್ಲದ ಎರಡು ಸಮಪಾಲು ಅವಳಿಗಳ ಚುಕ್ಕೆಗಳು ಒಂದರ ಮೇಲೊಂದು ಬಿದ್ದರೆ ಅದು ಸುಮಾರು ೦.೫೪ಕ್ಕೆ ಕುಸಿಯುತ್ತದೆ. ಕಾರಣ ಸರಳ: ಎರಡು ಸ್ವತಂತ್ರ ತೀವ್ರತೆಗಳನ್ನು ಕೂಡಿದಾಗ ಎರಡೂ ಏಕಕಾಲದಲ್ಲಿ ಅತಿ ದುರ್ಬಲವಾಗುವುದು ಅಪರೂಪ. ಬಡವನಿಗೆ ಶ್ರೀಮಂತನ ಜೊತೆ ದೊರೆತು, ಊರಿನಲ್ಲಿ ಬಡವರೇ ಕಾಣದಂತಾಗುತ್ತದೆ. ಅವ್ಯವಸ್ಥೆ ಈ ಬಗೆಯ ಸಮೀಕರಣವನ್ನು ಮಾಡುವುದಿಲ್ಲ, ಏಕೆಂದರೆ ಅಲ್ಲಿ ಕೂಡುವುದು ಅಲೆಗಳು.

ಜರ್ಮನಿಯ ಗೋಟಿಂಗೆನ್ನಿನ ರೆಗೀನ್ ಹೆರ್ಬ್ಸ್ಟ್-ಇರ್ಮರ್ ಮತ್ತು ಜಾರ್ಜ್ ಶೆಲ್ಡ್ರಿಕ್ ೧೯೯೮ರಲ್ಲಿ ಅವಳಿಯ ಎಚ್ಚರಿಕೆಯ ಚಿಹ್ನೆಗಳನ್ನು ಒಂದೆಡೆ ಕಲೆಹಾಕಿದರು. ಅವುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ದುರ್ಬಲ ಚುಕ್ಕೆಗಳ ನಡತೆ: ಅಳೆದ ಬೆಲೆ ಎಣಿಸಿದ ಬೆಲೆಗಿಂತ ಒಂದೇ ಸಮನೆ ಹೆಚ್ಚಾಗಿದ್ದರೆ ಎಲ್ಲಿಂದಲೋ ಬೇರೆಯ ತೀವ್ರತೆ ಬಂದು ಸೇರಿದೆಯೆಂದು ಅರ್ಥ. ಇವುಗಳ ಜೊತೆಗೆ ಎರಡು ಹಳೆಯ ಪರೀಕ್ಷೆಗಳಿವೆ. ಹೆಚ್ಚು ಗಣಿತವನ್ನು ಬೇಡದ ಕಾರಣದಿಂದಲೋ ಏನೋ ಅವು ಈಚೆಗೆ ಉಪೇಕ್ಷಿತವಾಗಿವೆ. ಒಂದು, ಅದೇ ದ್ರಾವಣದಿಂದ ಬೆಳೆದ ಮತ್ತೊಂದು ಸ್ಫಟಿಕವನ್ನು ಅಳೆಯುವುದು. ಅವಳಿಯ ಪಾಲು ಸ್ಫಟಿಕದಿಂದ ಸ್ಫಟಿಕಕ್ಕೆ ಬದಲಾಗುತ್ತದೆ. ಅವ್ಯವಸ್ಥೆಯ ಪಾಲು ಅದೇ ಸನ್ನಿವೇಶದಲ್ಲಿ ಬೆಳೆದವುಗಳಲ್ಲಿ ಬಹುಮಟ್ಟಿಗೆ ಸ್ಥಿರ. ಇನ್ನೊಂದು, ಉಷ್ಣತೆಯನ್ನು ಇಳಿಸುವುದು. ಅಣುಗಳ ಚಲನೆಯಿಂದಾದ ಅವ್ಯವಸ್ಥೆ ಚಳಿಯಲ್ಲಿ ಕುಗ್ಗುತ್ತದೆ, ಅವಳಿ ಹಾಗೆಯೇ ಉಳಿಯುತ್ತದೆ.

ಅವಳಿಯು ಬರಿಗಣ್ಣಿಗೇ ಗೋಚರಿಸುವ ಸುಂದರ ಪ್ರಸಂಗವೂ ಒಂದಿದೆ. ಪೊಟ್ಯಾಸಿಯಂ ಕ್ಲೋರೇಟಿನ ಕೆಲವು ಸ್ಫಟಿಕಗಳು ನವಿಲುಗರಿಯಂತೆ ಬಣ್ಣ ಹೊಳೆಯಿಸುತ್ತವೆ. ಸ್ಟೋಕ್ಸ್ ೧೮೮೫ರಲ್ಲಿ ಇದನ್ನು ವರ್ಣಿಸಿದರು, ರ್‍ಯಾಲೆ ಕಾರಣವನ್ನು ಸೂಚಿಸಿದರು. ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರು ಡಿ. ಕೃಷ್ಣಮೂರ್ತಿಯವರೊಡನೆ ೧೯೫೨ರ ಸುಮಾರಿಗೆ ಅದನ್ನು ಮತ್ತೆ ವಿವರವಾಗಿ ಪರಿಶೀಲಿಸಿದರು. ಅವಳಿಗಳ ತೆಳುಪದರಗಳು ಒಂದರ ಮೇಲೊಂದು ಸಮದೂರದಲ್ಲಿ ಪೇರಿಸಿರುವುದೇ ಆ ಬಣ್ಣದ ಮೂಲ. ಎಲ್ಲ ಅವಳಿಗಳೂ ಇಷ್ಟು ಉದಾರವಾಗಿದ್ದಿದ್ದರೆ ಮುಂದಿನ ವಾದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಈಗ ಆಸ್ಪಿರಿನ್ನಿಗೆ ಬರಬಹುದು. ೧೮೯೭ರಲ್ಲಿ ಶುದ್ಧರೂಪದಲ್ಲಿ ತಯಾರಾಗಿ, ೧೮೯೯ರಲ್ಲಿ ಈ ಹೆಸರು ಪಡೆದ ಈ ಔಷಧದ ಸ್ಫಟಿಕರಚನೆಯನ್ನು ಪಿ. ಜೆ. ವೀಟ್ಲಿ ೧೯೬೪ರಲ್ಲಿ ಪ್ರಕಟಿಸಿದರು. ಅಣುಗಳು ಜೋಡಿಜೋಡಿಯಾಗಿ ಕೈಹಿಡಿದು ಪದರಗಳಾಗುತ್ತವೆ. ಪದರಗಳು ಒಂದರ ಮೇಲೊಂದು ಪೇರುತ್ತವೆ. ನಲವತ್ತು ವರ್ಷಗಳವರೆಗೆ ಇದೊಂದೇ ರೂಪ ಖಚಿತವಾಗಿ ಗೊತ್ತಿತ್ತು. ಬೇರೆ ರೂಪವಿದೆಯೆಂಬ ಮಾತುಗಳು ಎದ್ದು ಅಡಗಿದ್ದವು. ೨೦೦೪ರಲ್ಲಿ ಲಂಡನ್ನಿನ ಊವ್ರಾರ್ ಮತ್ತು ಸಾರಾ ಪ್ರೈಸ್ ಗಣಕದ ಲೆಕ್ಕದಿಂದ, ಇಷ್ಟೇ ಸ್ಥಿರವಾಗಬಲ್ಲ ಬೇರೆ ಜೋಡಣೆಯೂ ಸಾಧ್ಯವೆಂದು ತೋರಿಸಿದರು. ಮರುವರ್ಷ, ೨೦೦೫ರಲ್ಲಿ, ಅಮೆರಿಕದ ಫ್ಲಾರಿಡಾದಿಂದ ಜಾವರೊಟ್ಕೋ ಮತ್ತು ಸಂಗಡಿಗರು ಆಸ್ಪಿರಿನ್ನಿನ ಎರಡನೆಯ ರೂಪ ದೊರೆಯಿತೆಂದು ಸಾರಿದರು. ಲೆವೆಟಿರಾಸೆಟಾಮ್ ಎಂಬ ಇನ್ನೊಂದು ಔಷಧದೊಡನೆ ಅದನ್ನು ಜೊತೆಗೂಡಿ ಸ್ಫಟಿಕೀಕರಿಸಲು ಹೋದಾಗ ದೊರೆತ ಅನಿರೀಕ್ಷಿತ ಫಲವದು. ಮುನ್ಸೂಚನೆಯೂ ಪ್ರಯೋಗವೂ ಇಷ್ಟು ಬೇಗ ಕೈಕುಲುಕಿದ್ದನ್ನು ಕಂಡು ವಿದ್ವಲ್ಲೋಕ ಹರ್ಷಿಸಿದ್ದು ಸಹಜವೇ.

ಹರ್ಷಕ್ಕೆ ಆಕ್ಷೇಪ ಬಂದದ್ದು ಮೂರು ಊರುಗಳಿಂದ ಕೂಡಿ. ಡೆನ್ಮಾರ್ಕಿನ ಓಡೆನ್ಸೆಯಲ್ಲಿದ್ದ ಆಂಡ್ರ್ಯೂ ಬಾಂಡ್, ಜರ್ಮನಿಯ ಎಸ್ಸೆನ್ನಿನ ರೋಲಾಂಡ್ ಬೋಯೆಸೆ, ಹೈದರಾಬಾದ್ ವಿಶ್ವವಿದ್ಯಾನಿಲಯದ ಗೌತಮ ದೇಸಿರಾಜು ಈ ಮೂವರು ೨೦೦೭ರಲ್ಲಿ ಒಂದೇ ಸಂಚಿಕೆಯಲ್ಲಿ, ಒಂದರ ಬೆನ್ನಿಗೆ ಒಂದಾಗಿ, ಎರಡು ಲೇಖನಗಳನ್ನು ಪ್ರಕಟಿಸಿದರು. ದೇಸಿರಾಜು ೧೯೭೯ರಿಂದ ಹೈದರಾಬಾದಿನಲ್ಲಿದ್ದು, ಸ್ಫಟಿಕಗಳನ್ನು ಬುದ್ಧಿಪೂರ್ವಕವಾಗಿ ಕಟ್ಟುವ ಶಾಸ್ತ್ರದ ಮೇಲೆ ೧೯೮೯ರಲ್ಲಿ ಗ್ರಂಥ ಬರೆದವರು. ಮೊದಲನೆಯ ಲೇಖನದ ತಾತ್ಪರ್ಯ, ೨೦೦೫ರ ಪುರಾವೆಯಿಂದ ಎರಡನೆಯ ರೂಪವು ನಿಸ್ಸಂದೇಹವಾಗಿ ಸಿದ್ಧವಾಗುವುದಿಲ್ಲ ಎಂಬುದು. ಎರಡನೆಯದರ ತಾತ್ಪರ್ಯ ಇನ್ನೂ ಆಶ್ಚರ್ಯಕರ: ತಾವು ಪರೀಕ್ಷಿಸಿದ ಆಸ್ಪಿರಿನ್ ಸ್ಫಟಿಕಗಳಲ್ಲಿ ಒಂದೇ ಹರಳಿನೊಳಗೆ ಎರಡೂ ರೂಪಗಳ ಭಾಗಗಳು ಬೆಸೆದುಕೊಂಡು ಬೆಳೆದಿವೆ.

ಇದು ಹೇಗೆ ತಿಳಿಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಪ್ರಕರಣದ ಸ್ವಾರಸ್ಯವೆಲ್ಲ ಅಲ್ಲಿದೆ. ಎರಡು ರೂಪಗಳಲ್ಲಿಯೂ ಪದರ ಒಂದೇ. ವ್ಯತ್ಯಾಸವಿರುವುದು, ಒಂದು ಪದರದ ಮೇಲೆ ಮುಂದಿನ ಪದರ ಕುಳಿತುಕೊಳ್ಳುವ ಸ್ಥಾನದಲ್ಲಿ. ಎರಡನೆಯ ರೂಪದಲ್ಲಿ ಅದು ಮೊದಲನೆಯ ರೂಪಕ್ಕೆ ಹೋಲಿಸಿದರೆ ಜಾಲಕದ ಮೂರನೆಯ ಅಕ್ಷದ ಗುಂಟ ಅರ್ಧ ಅಳತೆಯಷ್ಟು ಜಾರಿರುತ್ತದೆ. ಚುಕ್ಕೆಗಳಿಗೆ ಮೂರು ಸೂಚ್ಯಂಕಗಳನ್ನು ಕೊಡುವುದು ಪದ್ಧತಿ. ಮೂರನೆಯ ಸೂಚ್ಯಂಕ ಸಮಸಂಖ್ಯೆಯಾದ ಚುಕ್ಕೆಗಳಿಗೆ ಈ ಅರ್ಧ ಜಾರಿಕೆ ಕಾಣುವುದೇ ಇಲ್ಲ. ಅಲೆ ಪೂರ್ಣ ಸುತ್ತು ಸುತ್ತಿ ಮೊದಲಿನ ಹೆಜ್ಜೆಗೇ ಬಂದಿರುತ್ತದೆ. ಅಂತಹ ಚುಕ್ಕೆಗಳು ಎರಡು ರೂಪಗಳಿಗೂ ಸಮಾನ, ಸ್ಥಾನದಲ್ಲಿಯೂ ತೀವ್ರತೆಯಲ್ಲಿಯೂ. ಮೂರನೆಯ ಸೂಚ್ಯಂಕ ಬೆಸಸಂಖ್ಯೆಯಾದವುಗಳಲ್ಲಿ ಮಾತ್ರ ಒಂದೊಂದು ಪದರಕ್ಕೂ ಅಲೆಯ ಹೆಜ್ಜೆ ತಿರುವುಮುರುವಾಗಿ, ಮೊದಲನೆಯ ರೂಪದ ಎರಡು ಚುಕ್ಕೆಗಳ ನಟ್ಟನಡುವೆ ಎರಡನೆಯ ರೂಪದ ಚುಕ್ಕೆ ಮೂಡುತ್ತದೆ.

ಇದರ ಫಲವನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯ ರೂಪದ ಜಾಲಕವನ್ನೇ ನಂಬಿ, ಆ ಸ್ಥಾನಗಳಲ್ಲಿ ಮಾತ್ರ ತೀವ್ರತೆಯನ್ನು ಅಳೆದವನಿಗೆ ಎರಡನೆಯ ರೂಪದ ವಿಶಿಷ್ಟ ಚುಕ್ಕೆಗಳು ಕಾಣುವುದೇ ಇಲ್ಲ. ಎರಡನೆಯ ರೂಪವನ್ನು ನಂಬಿದವನಿಗೆ ಮೊದಲನೆಯದರ ಚುಕ್ಕೆಗಳು ಕಾಣುವುದಿಲ್ಲ. ಇಬ್ಬರ ಕೈಯಲ್ಲಿಯೂ ಅರ್ಧದಷ್ಟು ಚುಕ್ಕೆಗಳು ಸಮಾನವಾಗಿ, ಸಮೃದ್ಧವಾಗಿ ಇರುತ್ತವೆ. ಅವುಗಳ ಬಲದಿಂದ ಇಬ್ಬರಿಗೂ ತಮ್ಮ ತಮ್ಮ ಉತ್ತರ ದೊರೆಯುತ್ತದೆ. ಬೆಸಸೂಚ್ಯಂಕದ ಚುಕ್ಕೆಗಳು ಇರಬೇಕಾದಷ್ಟು ಬಲವಾಗಿಲ್ಲವೆಂಬ ಕೊರತೆಯನ್ನು ತುಂಬಲು, ಅರ್ಧ ಅಳತೆ ಜಾರಿದ ಸ್ಥಾನದಲ್ಲಿ ಒಂದು ಮಸುಕಾದ ಅಣುವನ್ನು ಸೇರಿಸಿ ಅವ್ಯವಸ್ಥೆಯೆಂದು ಹೆಸರಿಟ್ಟರೆ, ಶೇಷಾಂಕವೂ ಇಳಿದು ಸಮಾಧಾನವಾಗಿಬಿಡುತ್ತದೆ. ಆ ಮಸುಕಾದ ಅಣು ಇರುವುದು ಲೆಕ್ಕದಲ್ಲಿ ಮಾತ್ರ. ವಾಸ್ತವದಲ್ಲಿ ಇರುವುದು ಪಕ್ಕದ ಭಾಗದ ಪೂರ್ಣ ಅಣು.

ಬಾಂಡ್ ಮತ್ತು ಸಂಗಡಿಗರು ಮಾಡಿದ್ದು ಬಹಳ ಸರಳವಾದ, ಆದುದರಿಂದಲೇ ಶ್ಲಾಘ್ಯವಾದ ಕೆಲಸ. ಅವರು ಯಂತ್ರ ಕೊಟ್ಟ ತೀವ್ರತೆಯ ಪಟ್ಟಿಯಿಂದ ಹಿಂದಕ್ಕೆ ಹೋಗಿ ಮೂಲಚಿತ್ರವನ್ನು ನೋಡಿದರು. ಅಲ್ಲಿ ಎರಡು ರೂಪಗಳ ಬೆಸಚುಕ್ಕೆಗಳೂ ಇದ್ದವು. ಅವುಗಳನ್ನು ಜೋಡಿಸುವ ಮಸುಕಾದ ಗೆರೆಗಳೂ ಇದ್ದವು. ಚುಕ್ಕೆಗಳು ಸ್ಪಷ್ಟವಾಗಿದ್ದುದರಿಂದ ಎರಡೂ ರೂಪಗಳು ಸಾಕಷ್ಟು ದೊಡ್ಡ ಭಾಗಗಳಾಗಿವೆಯೆಂದೂ, ಗೆರೆಗಳು ಇದ್ದುದರಿಂದ ಪದರಗಳ ಪೇರಿಕೆಯಲ್ಲಿ ಅಲ್ಲಲ್ಲಿ ತಪ್ಪುಗಳಿವೆಯೆಂದೂ ತಿಳಿಯಿತು. ಎರಡು ಬಗೆಯ ಬೆಸಚುಕ್ಕೆಗಳ ತೀವ್ರತೆಯನ್ನು ತೂಗಿ ನೋಡಿದರೆ ಭಾಗಗಳ ಪ್ರಮಾಣ ದೊರೆಯುತ್ತದೆ. ಅದು ಹರಳಿನಿಂದ ಹರಳಿಗೆ ಭಿನ್ನವಾಗಿತ್ತು. ಇದು ಮೇಲೆ ಹೇಳಿದ ಹಳೆಯ ಪರೀಕ್ಷೆಯ ಪ್ರಕಾರ ಅವ್ಯವಸ್ಥೆಗೆ ವಿರುದ್ಧವಾದ ಸಾಕ್ಷ್ಯ. ಆದರೆ ಇದು ಅವಳಿಯೂ ಅಲ್ಲ. ಅವಳಿಯಲ್ಲಿ ಒಂದೇ ರಚನೆ ಎರಡು ದಿಕ್ಕುಗಳಲ್ಲಿರುತ್ತದೆ. ಇಲ್ಲಿ ಎರಡು ರಚನೆಗಳು ಒಂದೇ ಪದರವನ್ನು ಹಂಚಿಕೊಂಡು ಪಕ್ಕಪಕ್ಕದಲ್ಲಿವೆ. ಇದೇ ಅಕ್ಕಡಿಯ ಹೊಲ.

ಇಷ್ಟರಮಟ್ಟಿಗೆ ಮೂವರ ವಾದ ಅಭೇದ್ಯ. ಆದರೆ ಅವರ ಎರಡನೆಯ ಲೇಖನದ ಶೀರ್ಷಿಕೆಯಲ್ಲಿ ‘ಬಹುರೂಪ’ ಎಂಬರ್ಥದ ಪದವು ಉದ್ಧರಣ ಚಿಹ್ನೆಗಳ ನಡುವೆ ಕುಳಿತಿರುವುದನ್ನು ಗಮನಿಸದಿರಲಾಗದು. ಎರಡು ಭಾಗಗಳು ಎರಡು ರೂಪಗಳೇ, ಅಲ್ಲವೇ? ಹೌದಾದರೆ ಚಿಹ್ನೆ ಬೇಡ. ಅಲ್ಲವಾದರೆ ಪದವೇ ಬೇಡ. ಆಗ ಶುದ್ಧವಾದ ಎರಡನೆಯ ರೂಪದ ಹರಳು ಅವರ ಕೈಯಲ್ಲಿರಲಿಲ್ಲವಾದ್ದರಿಂದ ಈ ಸಂಕೋಚ ಅರ್ಥವಾಗುವಂಥದು. ಆದರೂ ಅದರಿಂದ ಒಂದು ಅನಿಷ್ಟ ಪರಿಣಾಮವಾಯಿತು: ೨೦೦೫ರ ಸಂಶೋಧನೆ ಕೇವಲ ಭ್ರಮೆಯೆಂಬ ಅಭಿಪ್ರಾಯ ಕೆಲವರಲ್ಲಿ ಹರಡಿತು. ೨೦೧೧ರಲ್ಲಿ ಅದೇ ಬಾಂಡ್ ಮತ್ತು ಬೋಯೆಸೆ ಬೇರೆ ಸಂಗಡಿಗರೊಡನೆ, ಆಸ್ಪಿರಿನ್ ಆನ್‌ಹೈಡ್ರೈಡಿನ ಸಮಕ್ಷಮದಲ್ಲಿ ಎರಡನೆಯ ರೂಪದ ಶುದ್ಧ ಹರಳುಗಳನ್ನು ಬೆಳೆಸಿ ತೋರಿಸಿದರು. ಎಂದರೆ ಫ್ಲಾರಿಡಾದವರ ತೀರ್ಮಾನ ಸರಿಯಾಗಿತ್ತು, ಅದಕ್ಕೆ ಅವರು ಕೊಟ್ಟ ಪುರಾವೆ ಸಾಲದಾಗಿತ್ತು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವ ಅಭ್ಯಾಸ ವಿಮರ್ಶೆಗೆ ಇರಬೇಕು. ಸರಿಯಾದ ಉತ್ತರ ಬಂದಿತೆಂದು ತಪ್ಪು ದಾರಿಗೆ ಪೂರ್ಣಾಂಕ ಕೊಡುವುದು ಹೇಗೆ ಅನುಚಿತವೋ, ದಾರಿ ದುರ್ಬಲವೆಂದು ಉತ್ತರವನ್ನೇ ಅಳಿಸುವುದೂ ಹಾಗೆಯೇ ಅನುಚಿತ.

ಕನ್ನಡ ವಿದ್ವಾಂಸರಿಗೆ ಈ ಪ್ರಸಂಗ ಅಪರಿಚಿತವೆನಿಸಬಾರದು. ಓಲೆಗರಿಯ ಪ್ರತಿಯೊಂದನ್ನು ಹಿಡಿದ ಸಂಪಾದಕನ ಮುಂದೆಯೂ ಇದೇ ಸಮಸ್ಯೆ ಬರುತ್ತದೆ. ಒಂದು ಪ್ರತಿಯಲ್ಲಿ ಒಂದೇ ಶಬ್ದ ಒಮ್ಮೆ ಪಕಾರದಿಂದಲೂ ಒಮ್ಮೆ ಹಕಾರದಿಂದಲೂ ಬರೆದಿದ್ದರೆ ಅದು ಲಿಪಿಕಾರನ ಸ್ವೇಚ್ಛೆಯೋ, ಅಥವಾ ಅವನು ಎರಡು ಮೂಲಗಳನ್ನು ಮುಂದಿಟ್ಟುಕೊಂಡು ಕೆಲವು ಆಶ್ವಾಸಗಳನ್ನು ಇದರಿಂದಲೂ ಕೆಲವನ್ನು ಅದರಿಂದಲೂ ಪ್ರತಿ ಮಾಡಿದನೋ? ರೂಪಗಳು ಸಾಲುಸಾಲಿನಲ್ಲಿಯೂ ಬೆರೆತಿದ್ದರೆ ಮೊದಲನೆಯದು. ಕಂತೆಕಂತೆಯಾಗಿ ಬೇರ್ಪಟ್ಟಿದ್ದರೆ ಎರಡನೆಯದು. ಇದನ್ನು ನಿರ್ಣಯಿಸದೆ ಎರಡು ಪಾಠಗಳನ್ನೂ ಬೆರೆಸಿ ಒಂದು ‘ಸುಂದರ’ ಪಾಠವನ್ನು ಸಿದ್ಧಪಡಿಸಿದರೆ, ಯಾವ ಕವಿಯೂ ಬರೆಯದ ಕಾವ್ಯವೊಂದು ಅಚ್ಚಾಗುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಪದ್ಧತಿ ಏಕೆ ಬಂತೆಂದು ವಿವರಿಸಬೇಕಾಗಿಲ್ಲ. ಸ್ಫಟಿಕಶಾಸ್ತ್ರ ಆ ಮಟ್ಟಿಗೆ ಹಿಂದುಳಿದಿದೆ. ೧೯೯೧ರಲ್ಲಿ ಫಲಿತಾಂಶಗಳನ್ನು ಬರೆದಿಡುವ ಒಂದು ಅಂತರರಾಷ್ಟ್ರೀಯ ಗಣಕವಿಧಾನ ಜಾರಿಗೆ ಬಂದುದು ಬಹುದೊಡ್ಡ ಉಪಕಾರ. ತೀವ್ರತೆಗಳ ಪಟ್ಟಿಯನ್ನೂ ಅದರೊಡನೆ ಸೇರಿಸುವ ವಾಡಿಕೆ ಬೆಳೆದಿದೆ. ಆದರೆ ಪಟ್ಟಿಯೆಂದರೆ ಚುಕ್ಕೆಗಳದ್ದು. ನಡುವಿನ ಬಯಲು, ಅಂದರೆ ಪಾಠಾಂತರಗಳಿರುವ ಭಾಗ, ಮೂಲಚಿತ್ರದೊಡನೆಯೇ ಬಹುತೇಕ ಕಳೆದುಹೋಗ�ುತ್ತದೆ.

ಇದು ಕೇವಲ ಪಂಡಿತರ ಚರ್ಚೆಯೆಂದು ತಿಳಿಯುವವರು ನಾಚಾರಂನ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಔಷಧದ ಸ್ಫಟಿಕರೂಪ ಬದಲಾದರೆ ಅದು ಕರಗುವ ವೇಗವೂ ಬದಲಾಗಬಹುದು. ೧೯೯೮ರಲ್ಲಿ ರಿಟೊನಾವಿರ್ ಎಂಬ ಔಷಧದಲ್ಲಿ, ಯಾರೂ ನಿರೀಕ್ಷಿಸದ, ಕಡಮೆ ಕರಗುವ ಹೊಸ ರೂಪವೊಂದು ತಲೆದೋರಿ, ಅದರ ಗುಳಿಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಭಾರತದ ಪೇಟೆಂಟ್ ಕಾಯಿದೆಗೆ ೨೦೦೫ರಲ್ಲಿ ಆದ ತಿದ್ದುಪಡಿಯ ಮೂರನೆಯ ಪ್ರಕರಣದ ‘ಡಿ’ ಉಪವಿಧಿಯು, ತಿಳಿದ ದ್ರವ್ಯದ ಹೊಸ ರೂಪಕ್ಕೆ ಗುಣ ಹೆಚ್ಚದ ಹೊರತು ಹಕ್ಕಿಲ್ಲವೆನ್ನುತ್ತದೆ. ೨೦೧೩ರ ಏಪ್ರಿಲ್ ೧ರಂದು ಸರ್ವೋಚ್ಚ ನ್ಯಾಯಾಲಯ ಇಮ್ಯಾಟಿನಿಬ್ ಮೆಸಿಲೇಟಿನ ‘ಬೀಟಾ’ ಸ್ಫಟಿಕರೂಪದ ಪೇಟೆಂಟನ್ನು ನಿರಾಕರಿಸಿದ್ದು ಇದೇ ವಿಧಿಯ ಆಧಾರದ ಮೇಲೆ. ಇಂತಹ ವ್ಯಾಜ್ಯಗಳಲ್ಲಿ ‘ಇದು ಹೊಸ ರೂಪ’ ಎಂಬ ವಾಕ್ಯಕ್ಕೆ ಕೋಟ್ಯಂತರ ರೂಪಾಯಿಗಳ ಬೆಲೆಯಿದೆ, ರೋಗಿಯ ಕಡೆಯಿಂದ ಅದಕ್ಕಿಂತಲೂ ಹೆಚ್ಚು. ಹೊಸ ರೂಪವೆಂದು ತಂದದ್ದು ಹಳೆಯದರ ಅವಳಿಯಾಗಿದ್ದರೆ? ಅವ್ಯವಸ್ಥೆಯೆಂದು ತಳ್ಳಿದ್ದು ನಿಜವಾಗಿಯೂ ಹೊಸ ರೂಪದ ಬೆಸುಗೆಯಾಗಿದ್ದರೆ?

ಕನ್ನಡದ ಪಾರಿಭಾಷಿಕ ಪದಗಳ ಬಗ್ಗೆಯೂ ಒಂದು ಮಾತು ಇಲ್ಲಿ ಸಲ್ಲುತ್ತದೆ. ‘ಅವಳಿ’ ಎಂಬುದು ಒಳ್ಳೆಯ ಪದ. ಒಂದೇ ಸಿಪ್ಪೆಯೊಳಗೆ ಕೂಡಿಕೊಂಡ ಅವಳಿ ಬಾಳೆಹಣ್ಣನ್ನು ಕಂಡವರಿಗೆ ವ್ಯಾಖ್ಯಾನ ಬೇಡ. ಸಂಸ್ಕೃತದ ‘ಯಮಳ’ವನ್ನು ತಂದು ಇದನ್ನು ಕಠಿನಗೊಳಿಸುವ ಅಗತ್ಯವಿಲ್ಲ. ‘ಅವ್ಯವಸ್ಥೆ’ಯ ವಿಚಾರ ಹಾಗಲ್ಲ. ಅದು ಕೇಳುಗನ ಮನಸ್ಸಿನಲ್ಲಿ ಗೊಂದಲ, ಅರಾಜಕತೆಗಳ ಚಿತ್ರವನ್ನು ಮೂಡಿಸುತ್ತದೆ. ಸ್ಫಟಿಕದಲ್ಲಿಯಾದರೋ ಸಾಲುಗಳು ನೆಟ್ಟಗಿವೆ, ಕುಣಿಗಳ ಅಂತರ ಸಮವಾಗಿದೆ. ಪ್ರತಿ ಸ್ಥಾನದಲ್ಲಿಯೂ ಎರಡು ನಿಯತವಾದ ಸಾಧ್ಯತೆಗಳಲ್ಲಿ ಒಂದು ಇರುತ್ತದೆ, ಅಷ್ಟೆ. ನಮ್ಮ ವೈಯಾಕರಣರು ‘ಹೀಗೂ ಆಗಬಹುದು, ಹಾಗೂ ಆಗಬಹುದು’ ಎಂಬ ಕಡೆ ಬಳಸುವ ‘ವಿಕಲ್ಪ’ ಎಂಬ ಸಂಜ್ಞೆ ಇದಕ್ಕೆ ಎಷ್ಟೋ ಮೇಲು. ಅಣುವು ಈ ಸ್ಥಾನದಲ್ಲಿ ವಿಕಲ್ಪವಾಗಿ ನಿಲ್ಲುತ್ತದೆ ಎಂದರೆ ವಿಷಯವೂ ಸ್ಪಷ್ಟ, ಭಾಷೆಯೂ ಸಹಜ. ಮೂರನೆಯ ಸ್ಥಿತಿಗೆ ಶಾಸ್ತ್ರಜ್ಞರು ‘ಅಂತರ್ವರ್ಧನ’ ಮುಂತಾದ ಪದಗಳನ್ನು ಟಂಕಿಸಬಹುದು; ‘ಅಕ್ಕಡಿ’ ಎಂಬ ರೈತನ ಪದ ಇರುವಾಗ ಅದಕ್ಕೂ ಪ್ರವೇಶ ಕೊಡಬಾರದೇಕೆ? ಇದನ್ನು ಗ್ರಾಮ್ಯವೆಂದು ಹಳಿಯುವವರು ‘ಜಾಲಕ’ವೂ ಒಂದು ಕಾಲಕ್ಕೆ ಬೆಸ್ತರ ಬಲೆಗೂ ಮನೆಯ ಕಿಟಕಿಗೂ ಸಂಬಂಧಪಟ್ಟ ಪದವಾಗಿತ್ತೆಂಬುದನ್ನು ನೆನೆಯಬೇಕು.

ಆಸ್ಪಿರಿನ್ನಿನ ಕಥೆ ೨೦೧೧ಕ್ಕೆ ಮುಗಿಯಲಿಲ್ಲ. ೨೦೧೪ರಲ್ಲಿ ರೀಲಿ ಮತ್ತು ಟಕಾಚೆಂಕೊ, ಎರಡು ರೂಪಗಳ ಶಕ್ತಿ ಬಹುತೇಕ ಸಮವಾಗಿದ್ದು, ಜಾಲಕದ ಮಂದ ಕಂಪನಗಳೇ ಮೊದಲನೆಯ ರೂಪಕ್ಕೆ ಮೇಲುಗೈ ಕೊಡುತ್ತವೆಯೆಂದು ಲೆಕ್ಕದಿಂದ ತೋರಿಸಿದರು. ಎರಡೂ ಒಂದೇ ಹರಳಿನಲ್ಲಿ ಜಗಳವಿಲ್ಲದೆ ವಾಸಿಸುವುದರ ಗುಟ್ಟು ಈ ಸಮತೂಕದಲ್ಲಿರಬೇಕು. ೨೦೧೭ರಲ್ಲಿ ನ್ಯೂಯಾರ್ಕಿನ ಬಾರ್ಟ್ ಕಾರ್ ಮತ್ತು ಸಂಗಡಿಗರು ಕರಗಿಸಿದ ಆಸ್ಪಿರಿನ್ನಿನಿಂದ, ಸಾಮಾನ್ಯ ಒತ್ತಡದಲ್ಲಿಯೇ ಉಳಿಯುವ ಮತ್ತೊಂದು ರೂಪವನ್ನು ಪಡೆದರು.

ದೇಸಿರಾಜು ೨೦೦೯ರಲ್ಲಿ ಹೈದರಾಬಾದನ್ನು ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ವಾದವೂ ಅವರೊಡನೆ ಹೋಯಿತು. ಅಲ್ಲಿ ಯು. ರಾಮಮೂರ್ತಿಯವರ ಪ್ರಯೋಗಾಲಯದ ಸೂಕ್ಷ್ಮವಾದ ಮೊನೆಯಿಂದ ಆಸ್ಪಿರಿನ್ ಹರಳನ್ನು ಒತ್ತಿ, ಎರಡು ರೂಪಗಳು ಒತ್ತಡಕ್ಕೆ ಬೇರೆಬೇರೆಯಾಗಿ ಮಣಿಯುತ್ತವೆಯೆಂದು ೨೦೧೧ರಲ್ಲಿ ತೋರಿಸಲಾಯಿತು. ಚುಕ್ಕೆಗಳನ್ನು ನೋಡದೆಯೇ, ಕೈಯಿಂದ ಮುಟ್ಟಿದಂತೆ, ಎರಡು ರೂಪಗಳ ಭೇದವನ್ನು ಗುರುತಿಸುವ ಮಾರ್ಗ ಇದರಿಂದ ದೊರೆಯಿತು. ಅದೇ ಪ್ರಯೋಗದಿಂದ ಇನ್ನೊಂದು ಅಂಶವೂ ಹೊರಬಿತ್ತು: ಎರಡನೆಯ ರೂಪದ ಪದರಗಳು ಅಡ್ಡತಳ್ಳುವಿಕೆಗೆ ಸುಲಭವಾಗಿ ಜಾರುತ್ತವೆ. ಅರ್ಧ ಅಳತೆಯಷ್ಟು ಜಾರಿದ ಪದರ ಮೊದಲನೆಯ ರೂಪದ ಪದರವೇ ಆಗುತ್ತದೆ. ಕಾರ್ಖಾನೆಗಳಲ್ಲಿ ಸ್ಫಟಿಕರೂಪವನ್ನು ಪರೀಕ್ಷಿಸುವ ನಿತ್ಯದ ವಿಧಾನ ಪುಡಿಯ ಕ್ಷ-ಕಿರಣ ಚಿತ್ರ. ಅದರ ಮೊದಲ ಹೆಜ್ಜೆ ಹರಳನ್ನು ಕಲ್ಲಿನಲ್ಲಿ ಹಾಕಿ ಅರೆಯುವುದು.